ಕಡಲ ಕೆಸರಿನ ಪಾದರಸ ಯಾರದ್ದು?

ಕುಮಟಾದಿಂದ ಬರೆದ ಓದುಗರಿಗೆ ನಮಸ್ಕಾರ.

ಕಡಲ ಕೆಸರಿನಲ್ಲಿ ಲೋಹ ಜಾಸ್ತಿ ಸಿಕ್ಕಿದರೆ ಅದು ಕಾರ್ಖಾನೆಯದ್ದೇ ಅಂತ ಹೇಗೆ ಹೇಳುತ್ತೀರಿ, ನಮ್ಮ ಚಿರೇಕಲ್ಲಿನಲ್ಲೇ ಬೇಕಾದಷ್ಟು ಕಬ್ಬಿಣ ಇದೆ, ಮಳೆಗಾಲದಲ್ಲಿ ಹೊಳೆ ತೊಳೆದು ತರುವುದೂ ಅದನ್ನೇ ಅಲ್ವಾ ಎಂದು ಕೇಳಿದ್ದೀರಿ. ಸರಿಯಾದ ಪ್ರಶ್ನೆ. ಒಂದೇ ಜಾಗದ ಕೆಸರು ತಂದು ಅಳೆದರೆ ಏನೂ ಸಾಬೀತಾಗುವುದಿಲ್ಲ. ಮರಳಿಗಿಂತ ನುಣುಪು ಜೇಡಿಯಲ್ಲಿ ಲೋಹ ಸಹಜವಾಗಿಯೇ ಜಾಸ್ತಿ ಇರುತ್ತದೆ. ಅದಕ್ಕೇ ಅದನ್ನು ಅದೇ ಕೆಸರಿನ ಅಲ್ಯೂಮಿನಿಯಂ ಜತೆ ಹೋಲಿಸುತ್ತಾರೆ. ಅಲ್ಯೂಮಿನಿಯಂ ಹೆಚ್ಚಾಗಿ ಮಣ್ಣಿನದ್ದೇ, ಹಾಗಾಗಿ ಅದಕ್ಕೆ ಹೋಲಿಸಿದಾಗಲೂ ಲೋಹ ಜಾಸ್ತಿ ಕಂಡರೆ ಅದು ಹೊರಗಿನಿಂದ ಬಂದಿರಬಹುದು.

ಆದರೆ ಜಪಾನಿನ ಮಿನಮಾಟ ನೋಡಿ. ಅಲ್ಲಿ ಚಿಸ್ಸೊ ಕಂಪನಿ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸಲು ಪಾದರಸ ಬಳಸಿ, ಕೊಳಕು ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. 1956ರಲ್ಲಿ ಆ ಕೊಲ್ಲಿಯ ಮೀನು ತಿಂದವರಲ್ಲಿ ನರಗಳ ಕಾಯಿಲೆ ಬಯಲಾಯಿತು. ಕುಮಾಮೊಟೊ ವಿಶ್ವವಿದ್ಯಾಲಯದವರು ಕೆಸರು ಅಳೆದಾಗ ಕಾರ್ಖಾನೆಯ ಕಾಲುವೆಯ ಬಾಯಲ್ಲಿ ಟನ್ನಿಗೆ ಸುಮಾರು 2 ಕಿಲೋ ಪಾದರಸ, ದೂರ ಹೋದಂತೆ ಕಡಿಮೆ. ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿದೆ. 1958ರ ಸೆಪ್ಟೆಂಬರಿನಲ್ಲಿ ಕಂಪನಿ ಆ ನೀರನ್ನು ಮಿನಮಾಟ ನದಿಯ ಅಳಿವೆಯ ಕಡೆ ತಿರುಗಿಸಿತು, ಆಮೇಲೆ ಅದುವರೆಗೆ ಕಾಯಿಲೆ ಕಾಣದಿದ್ದ ಆ ಭಾಗದಲ್ಲೂ ಮೀನು ತಿಂದವರು ಕಾಯಿಲೆ ಬಿದ್ದರು. ನೀರು ಹೋದ ಕಡೆಗೇ ಕಾಯಿಲೆ ಹೋಯಿತು. ಹೊಳೆ ತಂದ ಮಣ್ಣಿನಿಂದ ಹೀಗಾಗಲು ಸಾಧ್ಯವೇ?

1959ರಲ್ಲಿ ಕಂಪನಿಯದೇ ವೈದ್ಯ ಹೊಸೊಕಾವಾ ಹಾಜಿಮೆ ಆ ನೀರನ್ನು ಬೆಕ್ಕಿಗೆ ಆಹಾರದಲ್ಲಿ ಬೆರೆಸಿ ಕೊಟ್ಟರು. ಬೆಕ್ಕಿಗೂ ಅದೇ ಕಾಯಿಲೆ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು. ಸರ್ಕಾರ ಕಾರಣ ಒಪ್ಪಿಕೊಂಡಿದ್ದು 1968ರ ಸೆಪ್ಟೆಂಬರಿನಲ್ಲಿ, ಅಷ್ಟರಲ್ಲಿ ಆ ತಯಾರಿಕೆಯೇ ನಿಂತಿತ್ತು. ನನಗೆ ಸಿಟ್ಟು ಬರುವುದು ಇಲ್ಲೇ. ಸಾಕ್ಷಿ ಕಣ್ಣೆದುರಿಗಿದ್ದೂ ಒಂಬತ್ತು ವರ್ಷ ಜನ ಆ ಮೀನನ್ನೇ ತಿಂದರು.

ಹಳೆಯ ವಿಷ ಅಲೆಗೆ ಕೊಚ್ಚಿಹೋಗಿರುತ್ತದೆ ಎಂದೂ ಬರೆದಿದ್ದೀರಿ. ಹಾಗಾಗುವುದಿಲ್ಲ. ಕೆಸರು ಪದರ ಪದರವಾಗಿ ಕೂರುತ್ತದೆ, ಅಲುಗಾಡದ ಕಡೆ ಕೊಳವೆ ಇಳಿಸಿ ತೆಗೆದರೆ ಯಾವ ಪದರ ಯಾವ ಕಾಲದ್ದು ಅಂತ ಲೆಕ್ಕ ಹಾಕಬಹುದು. ಮಿನಮಾಟದಲ್ಲಿ ಇನ್ನೊಂದು ದಾಖಲೆಯೂ ಸಿಕ್ಕಿತು. ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಮನೆಯಲ್ಲಿಡುವುದು ಜಪಾನಿನವರ ಪದ್ಧತಿ. ವರ್ಷಗಳ ನಂತರ ಅವನ್ನು ಪರೀಕ್ಷಿಸಿದಾಗ, ಕಾರ್ಖಾನೆಯ ಉತ್ಪಾದನೆ ಏರಿದ ವರ್ಷಗಳಲ್ಲಿ ಹುಟ್ಟಿದವರ ಬಳ್ಳಿಯಲ್ಲಿ ಮಿಥೈಲ್ ಪಾದರಸವೂ (ಮೀನಿನ ಮೂಲಕ ಮೈ ಸೇರುವ ಪಾದರಸದ ವಿಷರೂಪ) ಏರಿತ್ತು. ಕೆಸರಿನಲ್ಲಂತೂ ಪಾದರಸ ಎಷ್ಟು ಉಳಿದಿತ್ತೆಂದರೆ, 1977ರಿಂದ 1990ರವರೆಗೆ ಆ ಕೆಸರನ್ನು ಬಾಚಿ ತೆಗೆದು, ಕೊಲ್ಲಿಯ 58 ಹೆಕ್ಟೇರ್ ಭಾಗವನ್ನೇ ತುಂಬಿ ನೆಲ ಮಾಡಬೇಕಾಯಿತು.

– ಸಂಪಾದಕ