ನೇಪಾಳದ ರೇಡಿಯೊದಲ್ಲಿ ಇಂಟರ್ನ್‌ಶಿಪ್: ಹೋದರೆ ಏನು ಸಿಗುತ್ತದೆ?

ಪ್ರಶ್ನೆ: ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಕಠ್ಮಂಡುವಿನ ಸಮುದಾಯ ರೇಡಿಯೊ ಒಂದರಲ್ಲಿ ಆರು ವಾರದ ಇಂಟರ್ನ್‌ಶಿಪ್ ಸಿಕ್ಕಿದೆ. ನೇಪಾಳಿ ಬರುವುದಿಲ್ಲ. ಅಷ್ಟು ದೂರ ಹೋಗಿ ಕಲಿಯುವಂಥದ್ದು ಏನಾದರೂ ಇದೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಇದೆ, ಹೋಗಿ ಬನ್ನಿ. ನಮ್ಮಲ್ಲಿ ಖಾಸಗಿ ಎಫ್‌ಎಂ ಆಗಲಿ, ಸಮುದಾಯ ರೇಡಿಯೊ ಆಗಲಿ ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಬಹುದು, ಅಷ್ಟೆ. ನೇಪಾಳದಲ್ಲಿ ಆ ಕಟ್ಟು ಇಲ್ಲ. 1997ರಲ್ಲಿ ರೇಡಿಯೊ ಸಾಗರಮಾಥಾ ಎಂಬ ಸಮುದಾಯ ಕೇಂದ್ರ ಶುರುವಾದ ಮೇಲೆ ಅಲ್ಲಿ ನೂರಾರು ಎಫ್‌ಎಂ ಕೇಂದ್ರಗಳು ಹುಟ್ಟಿಕೊಂಡವು. ಊರಿನ ರಸ್ತೆ, ನೀರಿನ ಸುದ್ದಿ ರೇಡಿಯೊಗೆ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು ಅದು ಒಳ್ಳೆಯ ಜಾಗ.

ಭಾಷೆ ಬಾರದವರಿಗೆ ಸುದ್ದಿ ಓದಲು ಕೊಡುವುದಿಲ್ಲ. ಧ್ವನಿಮುದ್ರಣ, ಎಡಿಟಿಂಗ್ ಕೇಳಿ ಪಡೆಯಿರಿ. ನಿಜವಾದ ಕಲಿಕೆ ಇರುವುದೂ ಅಲ್ಲೇ. ಅಭ್ಯಾಸವನ್ನು ಈಗಲೇ, ಊರಲ್ಲೇ ಶುರುಮಾಡಿ. ಕೊಳೆರೋಗದ ಬಗ್ಗೆ ಒಬ್ಬ ಅಡಿಕೆ ಬೆಳೆಗಾರರನ್ನು ಮಾತಾಡಿಸಿ ನೋಡಿ. ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ನೇರ ಹಿಡಿದರೆ ಪಕಾರ, ಬಕಾರಗಳು ಧಪ್ಪೆನ್ನುತ್ತವೆ. ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ ವೇವ್ (ಧ್ವನಿಯನ್ನು ಕುಗ್ಗಿಸದ) ಫೈಲ್, 48 ಕಿಲೊಹರ್ಟ್ಸ್ ಇಟ್ಟುಕೊಳ್ಳಿ. ಧ್ವನಿಮಟ್ಟ ತೋರಿಸುವ ಮೀಟರು ಮೈನಸ್ 6 ಡೆಸಿಬಲ್ ದಾಟದಿರಲಿ; ಸೊನ್ನೆ ಮುಟ್ಟಿ ಒಡೆದ ಧ್ವನಿ ಸರಿಯಾಗುವುದು ಕಷ್ಟ. ಬೆಳೆಗಾರರು ಮಾತಾಡುವಾಗ ‘ಹೂಂ’ ಅನ್ನಬೇಡಿ, ತಲೆಯಾಡಿಸಿ ಸಾಕು. ಮಾತಿನ ಮೇಲೆ ಬಿದ್ದ ನಿಮ್ಮ ‘ಹೂಂ’ ತೆಗೆಯಲು ಹೋದರೆ ಅವರ ಪದವೂ ಹೋಗುತ್ತದೆ.

ಮಳೆಗಾಲದಲ್ಲಿ ತಗಡಿನ ಶೀಟಿನ ಕೆಳಗೆ ಕೂರಲೇಬೇಡಿ. ಮಾತಿನೊಳಗೆ ಮಳೆ ಸೇರಿಕೊಂಡರೆ, ಎಲ್ಲಿ ಕತ್ತರಿಸುತ್ತೀರೋ ಅಲ್ಲೆಲ್ಲ ಅದರ ಸದ್ದು ಎಗರುತ್ತದೆ. ಒಳಕೋಣೆಯಲ್ಲಿ ಮಾತು ಮುಗಿಸಿ, ಜಗುಲಿಗೆ ಬಂದು ಒಂದು ನಿಮಿಷ ಮಳೆಯನ್ನಷ್ಟೇ ಹಿಡಿಯಿರಿ. ಆಮೇಲೆ ಅದನ್ನು ಮಾತಿನಡಿ ಸಣ್ಣಗೆ ಹಾಸಿದರೆ ಕತ್ತರಿಸಿದ ಗುರುತೇ ಕಾಣದು. ಕತ್ತರಿಸಿದ ಕಡೆ ತುಂಬಲು ಕೋಣೆಯ ಮೌನವನ್ನೂ 30 ಸೆಕೆಂಡು ಹಿಡಿದಿಡಿ.

ಇಂಟರ್ನ್‌ಶಿಪ್ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಕೆಲಸ ಏನೆಂದು ಮೊದಲೇ ಗೊತ್ತುಮಾಡಿಕೊಳ್ಳದೆ ಹೋಗುವುದು. ಯಾವ ಕಾರ್ಯಕ್ರಮ, ಯಾರ ಕೈಕೆಳಗೆ, ಸಿದ್ಧವಾದ ಆಡಿಯೊದ ಪ್ರತಿ ಕೊಡುತ್ತಾರೆಯೇ ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನಾಳೆ ಕೆಲಸ ಕೇಳುವಾಗ ಪ್ರಮಾಣಪತ್ರಕ್ಕಿಂತ ಆ ಆಡಿಯೊಗೇ ಬೆಲೆ ಹೆಚ್ಚು.

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ, ಆಧಾರ್ ನಡೆಯುವುದಿಲ್ಲ. ಮುಂದೆ ಯುರೋಪಿನ ಕಡೆ ಯೋಚಿಸಿದರೆ, ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೂ ಪ್ರವಾಸಿ ವೀಸಾ ಸಾಮಾನ್ಯವಾಗಿ ಸಾಲದು. ಆ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿಯೇ ಟಿಕೆಟ್ ಮಾಡಿಸಿ.