ಯಾಕೆ ಸರಿಯಾಗಿ 39 ನಿಮಿಷ? ಪುಣೆಯ ಮೇಷ್ಟ್ರಿಗೆ ಸಂಪಾದಕರ ಉತ್ತರ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಮುಂಬಯಿಯ ಮಾಟುಂಗಕ್ಕೆ ಬಂದು ಹದಿನೈದು ದಿನ ಆಯ್ತು, ಉತ್ತರ ಬರೀಲಿಕ್ಕೆ ತಡ ಆದದ್ದಕ್ಕೆ ಕ್ಷಮೆ ಇರಲಿ. ಇನ್‌ಲ್ಯಾಂಡ್ ಲೆಟರಿನ ಮಡಿಕೆ ಮೇಲೆಲ್ಲ ಬರ್ದಿದ್ದೀರಿ, ಅಂಟು ಬಿಡಿಸುವಾಗ ಎರಡು ಸಾಲು ಹರಿದೇ ಹೋಯ್ತು, ಅದ್ರಲ್ಲಿ ನನಗೆ ಬೈದದ್ದು ಇದ್ದಿದ್ರೆ ನಾನು ಬಚಾವ್.

ಬೇರೆ ಓದುಗರಿಗೆ ಗೊತ್ತಾಗ್ಲಿ ಅಂತ ಮೊದಲು ವಿಷಯ ಹೇಳ್ತೇನೆ. ಕಳೆದ ವರ್ಷ ನಮ್ಮ ಪತ್ರಿಕೆಯಲ್ಲಿ ಬಂದ ಧಾರಾವಾಹಿ ನೆನಪುಂಟಲ್ಲ, ಮಾಟುಂಗದಲ್ಲಿ ಕ್ಯಾಂಟೀನ್ ನಡೆಸುವ ಅಮ್ಮ ರುಬ್ಬುವ ಗ್ರೈಂಡರ್ ಸಮೇತ ತಪ್ಪಿ ಒಂದು ರಾಕೆಟ್ ಹತ್ತಿ ಗುರು ಗ್ರಹದ ಹತ್ರ ಸುತ್ತುವ ಹಡಗಿಗೆ ಹೋಗಿ ಅಲ್ಲಿನವರಿಗೆಲ್ಲ ಇಡ್ಲಿ ಹಾಕಿದ್ದು. ಈಗ ಅದರ ಎರಡನೇ ಭಾಗ ಬರ್ತಾ ಉಂಟು, ಏಳು ಕಂತು ಆಯ್ತು. ಇದ್ರಲ್ಲಿ ಅಮ್ಮನ ತಲೆ ಗ್ರೈಂಡರಿಗೆ ಬಡಿದು ಅವಳಿಗೆ ಬೇರೆಯವರ ಮನಸ್ಸಿನ ಮಾತು ಕೇಳಿಸ್ಲಿಕ್ಕೆ ಶುರುವಾಗಿದೆ, ಹಡಗಿನ ಎಂಜಿನ್ ಒಂದು ಸಲ ಕೆಮ್ಮಿದ್ರೆ ಎಲ್ಲರೂ 39 ನಿಮಿಷ ಹಿಂದಕ್ಕೆ ಬೀಳ್ತಾರೆ. ಮೇಷ್ಟ್ರಿಗೆ ಇದ್ಯಾವುದೂ ಹಿಡಿಸ್ಲಿಲ್ಲ. ಅವರ ತಕರಾರು ಚಿಕ್ಕದಾಗಿ ಹೇಳುದಾದ್ರೆ: ಮನಸ್ಸು ಓದುದು ಮೂಢನಂಬಿಕೆ, 39 ಅನ್ನುದು ಬಾಯಿಗೆ ಬಂದ ನಂಬರ್, ಐದನೇ ಕಂತಿನ ಚಾವಿ ಮೋಸ, ಏಳನೇ ಕಂತಿನ ಫೋನ್ ಮಹಾ ಮೋಸ, ಮೂರನೇ ಭಾಗ ಅಂತ ಏನಾದ್ರೂ ಬಂದ್ರೆ ಚಂದಾ ಬಂದ್.

ಮೇಷ್ಟ್ರೇ, ಚಾವಿ ವಿಷಯದಲ್ಲಿ ನೀವು ಹೇಳಿದ್ದು ಸರಿ. ಮೊದಲು ಅದನ್ನು ಒಪ್ಪಿಕೊಂಡು ಬಿಡ್ತೇನೆ. ಕ್ಯಾಪ್ಟನ್ ಒಳಗೆ ಸಿಕ್ಕಿಕೊಂಡಿದ್ದಾನೆ, 39 ನಿಮಿಷ ಮುಂದಿನ ಕ್ಯಾಪ್ಟನ್ ಬಂದು ಕಿಟಕಿಯಿಂದ ಚಾವಿ ಕೊಟ್ಟ, ಈ ಕ್ಯಾಪ್ಟನ್ ಹೊರಗೆ ಬಂದು ಅದೇ ಚಾವಿ ಇಟ್ಕೊಂಡು ಹಿಂದೆ ಹೋಗಿ ತನಗೇ ಕೊಟ್ಟ. ಹಾಗಾದ್ರೆ ಚಾವಿ ಮಾಡಿದ್ದು ಯಾವ ಅಂಗಡಿಯವ ಅಂತ ನೀವು ಕೇಳಿದ್ದೀರಿ. ನನ್ನ ಹತ್ರ ಉತ್ತರ ಇಲ್ಲ. ಲೇಖಕರ ಹತ್ರ ಇತ್ತು, ಎರಡು ಪ್ಯಾರಾ ಬರೆದು ಕಳಿಸಿದ್ರು, ಅಷ್ಟೊತ್ತಿಗೆ ಮಸಾಲೆ ಪುಡಿಯ ಒಂದು ಜಾಹೀರಾತು ಬಂತು, ಕಾಲು ಪೇಜ್ ಬೇಕಿತ್ತು, ನಾನೇ ಆ ಎರಡು ಪ್ಯಾರಾಕ್ಕೆ ಕತ್ತರಿ ಹಾಕಿದೆ. ಅವರದ್ದು ತಪ್ಪಿಲ್ಲ ಮಾರಾಯ್ರೇ.

ಆದ್ರೆ ಮನಸ್ಸು ಓದುವ ವಿಷಯದಲ್ಲಿ ನಾನು ಬಿಟ್ಟು ಕೊಡುದಿಲ್ಲ. ನೀವು ನ್ಯಾಷನಲ್ ಕಾಲೇಜಲ್ಲಿ ಎಚ್ಚೆನ್ ಹತ್ರ ಓದಿದವರು ಅಂತ ಪತ್ರದಲ್ಲಿ ಮೂರು ಸಲ ಬರೆದಿದ್ದೀರಿ. 1976ರಲ್ಲಿ ಆ ಎಚ್ಚೆನ್, ಅಂದ್ರೆ ಡಾ. ಎಚ್. ನರಸಿಂಹಯ್ಯನವರು, ಬೆಂಗಳೂರು ಯೂನಿವರ್ಸಿಟಿಯ ವೈಸ್ ಛಾನ್ಸಲರ್ ಆಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡ್ಲಿಕ್ಕೇ ಒಂದು ಸಮಿತಿ ಮಾಡಿದ್ರು, ಅದು ನನಗೂ ಗೊತ್ತುಂಟು. ಅವರ ಜಗಳ ಇದ್ದದ್ದು ಇದು ನಿಜ ಅಂತ ಹೇಳಿ ಜನರನ್ನು ನಂಬಿಸುವವರ ಹತ್ರ. ನಮ್ಮ ಅಮ್ಮ ಯಾರಿಗೂ ಭವಿಷ್ಯ ಹೇಳಿ ದಕ್ಷಿಣೆ ತಗೊಂಡಿಲ್ಲ, ಬೂದಿ ಉದುರಿಸಿಲ್ಲ. ಕಥೆಯಲ್ಲಿ ಕತ್ತೆ ಮಾತಾಡಿದ್ರೆ ನಾವು ಒಪ್ಪುದಿಲ್ವಾ ಸಾರ್.

ಮತ್ತೆ ಇನ್ನೊಂದು. ಅಂತರಿಕ್ಷದಲ್ಲಿ ಟೆಲಿಪತಿ ಅನ್ನುದು ನಮ್ಮ ಲೇಖಕರ ತಲೆಯಲ್ಲಿ ಮೊದಲು ಹುಟ್ಟಿದ್ದಲ್ಲ, ನಿಜವಾಗ್ಲೂ ಒಬ್ಬರು ಮಾಡಿ ನೋಡಿದ್ದಾರೆ. 1971ರ ಅಪೊಲೊ 14ರಲ್ಲಿ ಚಂದ್ರನ ಮೇಲೆ ಇಳಿದ ಎಡ್ಗರ್ ಮಿಚೆಲ್, ನಾಸಾಕ್ಕೆ ಹೇಳದೆ, ಉಳಿದವರು ಮಲಗುವ ಹೊತ್ತಿಗೆ ಇವರು ಐದು ಚಿಹ್ನೆಗಳನ್ನು ಮನಸ್ಸಲ್ಲಿ ಇಟ್ಕೊಂಡು ಭೂಮಿಗೆ 'ಕಳಿಸ್ತಿದ್ರು', ಇಲ್ಲಿ ನಾಲ್ಕು ಜನ ಮೊದಲೇ ಗೊತ್ತು ಮಾಡಿದ ಹೊತ್ತಿಗೆ ಕೂತು ಅದನ್ನು ಊಹಿಸ್ಬೇಕು. ರಾಕೆಟ್ ಹೊರಟದ್ದೇ ಸುಮಾರು 40 ನಿಮಿಷ ಲೇಟ್, ಹಾಗಾಗಿ ಇವರು ಕಳಿಸುವ ಮೊದಲೇ ಅಲ್ಲಿ ಕೆಲವು ಉತ್ತರ ಬರೆದಾಗಿತ್ತು! ಇದ್ರಲ್ಲಿ ಏನೋ ಉಂಟು ಅಂತ ಮಿಚೆಲ್ ಕೊನೆವರೆಗೂ ಹೇಳ್ತಿದ್ರು, ವಿಜ್ಞಾನಿಗಳು ಒಪ್ಪಲಿಲ್ಲ. ನಮ್ಮ ಆಫೀಸಲ್ಲೂ ಒಂದು ಮಧ್ಯಾಹ್ನ ಟೀ ಹೊತ್ತಿಗೆ ಮಾಡಿ ನೋಡಿದ್ವಿ, ಹಳೇ ಮದುವೆ ಕಾಗದದ ಹಿಂದೆ ವೃತ್ತ, ಪ್ಲಸ್, ಅಲೆ, ಚೌಕ, ನಕ್ಷತ್ರ ಅಂತ ಐದೈದು, ಒಟ್ಟು 25 ಕಾರ್ಡ್. ಕಣ್ಣು ಮುಚ್ಚಿ ಹೇಳಿದ್ರೂ ಸರಾಸರಿ 5 ಸರಿ ಬರ್ಬೇಕು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ನನಗೆ 3 ಬಂತು, ಪ್ರೂಫ್ ನೋಡುವವರಿಗೆ 7. ಅವತ್ತಿಂದ ಅವರ ಎದುರು ಸಂಬಳದ ವಿಷಯ ಯೋಚನೆ ಮಾಡುದನ್ನೇ ಬಿಟ್ಟಿದ್ದೇನೆ.

ನೀವು ಗಮನಿಸದೆ ದಾಟಿ ಹೋದದ್ದು ಮೂರನೇ ಕಂತು. ಅಮ್ಮನಿಗೆ ಶಕ್ತಿ ಬಂದ್ರೂ ಅದ್ರಿಂದ ಅವಳಿಗೆ ಒಂದು ಪೈಸೆ ಲಾಭ ಆಗಿಲ್ಲ, ನೋಡಿ. ಕ್ಯಾಪ್ಟನ್ ಬಾಯಲ್ಲಿ "ಸಾಂಬಾರ್ ಫಸ್ಟ್ ಕ್ಲಾಸ್" ಅಂತಾನೆ, ಮನಸ್ಸಲ್ಲಿ ಅವನ ಅಮ್ಮನ ಸಾರು ನೆನೀತಾ ಇದ್ದಾನೆ, ಅದು ಇವಳಿಗೆ ಕೇಳಿಸ್ತದೆ, ಮೂರು ದಿನ ಸಾಂಬಾರೇ ಮಾಡುದಿಲ್ಲ. ತಮಾಷೆ ಇರುವುದೇ ಅಲ್ಲಿ. ಈಗ ನೀವೇ ಯೋಚನೆ ಮಾಡಿ, ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದವನಿಗೆ ಈ ಶಕ್ತಿ ಬಂದ್ರೆ ಏನು ಗತಿ? ರಶ್ ಅವರ್‌ನಲ್ಲಿ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಂತಿರ್ತಾರೆ ಅಂತ ಲೆಕ್ಕ ಉಂಟು, ಮೈಗೆ ಮೈ ತಾಗುದು ಸಾಲದು ಅಂತ ಅಷ್ಟೂ ಜನರ ಲೋನು, ಮಗನ ಅಡ್ಮಿಷನ್ನು, ಬಾಸಿನ ಮೇಲಿನ ಸಿಟ್ಟು, ಈ ಕಿಟಕಿ ಸೀಟಿನವ ಕುರ್ಲಾದಲ್ಲಿ ಇಳೀತಾನಾ ಥಾಣೆಯಲ್ಲಾ ಅನ್ನುವ ಒಂದೇ ಪ್ರಶ್ನೆ ಇಪ್ಪತ್ತು ಜನರ ತಲೆಯಿಂದ ಒಟ್ಟಿಗೆ, ದಾದರ್ ಬರುವಷ್ಟರಲ್ಲಿ ಅವನಿಗೆ ಹುಚ್ಚು ಹಿಡೀತದೆ. ಲೇಖಕರಿಗೆ ನಾನು ಮೊದಲ ದಿನವೇ ಹೇಳಿದ್ದು ಅದು ಒಂದೇ, ತಮಾಷೆ ಕಥೆಯಲ್ಲಿ ಶಕ್ತಿ ಅನ್ನುದು ಮದ್ದು ಆಗ್ಬಾರ್ದು, ಕಾಯಿಲೆ ಆಗ್ಬೇಕು. ಮದ್ದಾಯ್ತೋ, ಕಥೆ ಎರಡನೇ ಪೇಜಿಗೆ ಮುಗೀತು. ಐದನೇ ಕಂತಿನ ಚಾವಿ ನಿಮಗೆ ಚುಚ್ಚಿದ್ದೂ ಅದಕ್ಕೇ, ಅಲ್ಲಿ ಕಾಲಯಾನ ಮದ್ದಾಗಿ ಬಿಟ್ಟಿತು.

ಇನ್ನು ಕಾಲಯಾನವೇ ಸುಳ್ಳು ಅಂತ ಬರೆದಿದ್ದೀರಿ, ಅದು ಅರ್ಧ ಸರಿ. ಮುಂದಕ್ಕೆ ಹೋಗುದು ಸುಳ್ಳಲ್ಲ. ಒಟ್ಟು 803 ದಿನ ಅಂತರಿಕ್ಷದಲ್ಲಿದ್ದ ರಷ್ಯಾದ ಸೆರ್ಗೆಯ್ ಕ್ರಿಕಲ್ಯೋವ್ ನಮಗಿಂತ ಸುಮಾರು 0.02 ಸೆಕೆಂಡ್ ಕಮ್ಮಿ ಮುದುಕ ಆಗಿದ್ದಾರೆ. ನಿಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡ್ತದೆ, ಅದನ್ನು ಸರಿ ಮಾಡದೆ ಬಿಟ್ರೆ ನಿಮ್ಮ ಪುಣೆಯ ಕೋಥ್ರುಡ್‌ಗೆ ಅಂತ ಹೊರಟ ರಿಕ್ಷಾ ಎಲ್ಲಿಗೋ ಹೋಗಿ ನಿಲ್ತದೆ. ಹಿಂದಕ್ಕೆ ಹೋಗುದು ಮಾತ್ರ ಶುದ್ಧ ಬೊಗಳೆ, ಸ್ಟೀಫನ್ ಹಾಕಿಂಗ್ 2009ರ ಜೂನ್ 28ಕ್ಕೆ ಕಾಲಯಾನಿಗಳಿಗೆ ಅಂತ ಪಾರ್ಟಿ ಇಟ್ಟು, ಮುಗಿದ ಮೇಲೆ ಆಮಂತ್ರಣ ಕಳಿಸಿದ್ರು, ಯಾರೂ ಬಂದಿರ್ಲಿಲ್ಲ. ಒಂದು ಕಥೆಗೆ ಒಂದು ಬೊಗಳೆ ಮಾಫ್ ಅಂತ ನನ್ನ ರೂಲ್. ಇದ್ರಲ್ಲಿ ಎರಡು ಆಯ್ತು, ಮನಸ್ಸು ಓದುದು ಸೇರಿಸಿ, ಅದು ನಿಜ.

ಆದ್ರೆ 39 ಬಾಯಿಗೆ ಬಂದ ನಂಬರ್ ಅಲ್ಲ ಸಾರ್! ಇದಕ್ಕೆ ನನಗೆ ಸಿಟ್ಟು ಬಂತು. ನೀವು ಪುಣೆಯವರು, ನಿಮಗೆ ಹೊಳೆಯದಿದ್ರೆ ಕ್ಷಮಿಸ್ಬಹುದು, ಮುಂಬಯಿಯ ಹಳಬರಿಗೆ ಥಟ್ ಅಂತ ಗೊತ್ತಾಗ್ಬೇಕಿತ್ತು. 1906ರಲ್ಲಿ ಇಡೀ ದೇಶಕ್ಕೆ ಒಂದೇ ಟೈಮ್ ಅಂತ ಬಂದಾಗ ಬೊಂಬಾಯಿ ಒಪ್ಪಲಿಲ್ಲ. ನಮ್ಮ ಸೂರ್ಯ ನಮಗೆ ಅಂತ ಹಠ ಹಿಡಿದು ಊರಿನವರು ತಮ್ಮದೇ 'ಬಾಂಬೆ ಟೈಮ್' ಇಟ್ಕೊಂಡ್ರು, ಸ್ಟ್ಯಾಂಡರ್ಡ್ ಟೈಮಿಗಿಂತ ಅದು ಸರಿಯಾಗಿ 39 ನಿಮಿಷ ಹಿಂದೆ. ರೈಲ್ವೆಯದ್ದು ಸ್ಟ್ಯಾಂಡರ್ಡ್. ಅಂದ್ರೆ ಸ್ಟೇಷನ್ ಗಡಿಯಾರ ನೋಡಿ ಹೊರಗೆ ಬಂದು ಬಾಂಬೆ ಟೈಮ್ ಇಟ್ಟ ಕಟ್ಟಡ ನೋಡಿದ್ರೆ ನೀವು 39 ನಿಮಿಷ ಹಿಂದೆ ಬಂದು ಬಿಟ್ರಿ! ಎಂಜಿನ್ನೂ ಬೇಡ ಕೆಮ್ಮೂ ಬೇಡ. ಇದು ಒಂದೆರಡು ದಿನದ್ದಲ್ಲ, 1955ರವರೆಗೂ ಎಳೆದಾಡಿಕೊಂಡು ಇತ್ತು. ಊರಿಂದ ಬಂದು ಹೊಟೇಲಲ್ಲಿ ಲೋಟ ತೊಳೆಯಲಿಕ್ಕೆ ಸೇರಿದ ನಮ್ಮ ಹುಡುಗರು ಯಾವ ಟೈಮಿಗೆ ಶೆಟರ್ ಎತ್ಬೇಕು ಅಂತ ಎಷ್ಟು ಸಲ ಬೈಸ್ಕೊಂಡಿರ್ಬಹುದು ಅಂತ ನಾನು ಯೋಚಿಸ್ತಾ ಇರ್ತೇನೆ. ಲೇಖಕರು ಹಡಗಿನ ಎಂಜಿನ್ ಒಳಗೆ ಇಟ್ಟದ್ದು ಆ ಬಾಂಬೆ ಟೈಮನ್ನು. ಎರಡನೇ ಕಂತಿನಲ್ಲಿ ಎಂಜಿನ್ ಮೇಲೆ ಹಳೇ ಗೋಡೆ ಗಡಿಯಾರ ಜೋಡಿಸಿದ್ದಾರೆ ಅಂತ ಒಂದು ಸಾಲು ಉಂಟು, ತೆಗೆದು ನೋಡಿ. ಅದಕ್ಕೆ ನಾನು ಕತ್ತರಿ ಹಾಕಿಲ್ಲ.

ಎರಡನೇ ಭಾಗ ಯಾಕೆ, ಮೂರನೇದು ಯಾಕೆ ಅಂತ ಕೇಳಿದ್ದಕ್ಕೆ ಬೇಗ ಹೇಳಿ ಮುಗಿಸ್ತೇನೆ. ತುಳುವರ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಊರಿನ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರ್ತಾರೆ, ವೇಷ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆ ಇಡ್ತಾರೆ. ಆ ಪ್ರಸಂಗ ಹೊಸದಾ? ವಾಲಿ ಸಾಯ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಆದ್ರೂ ಹೋಗಿ ಕೂತ್ಕೊಳ್ತೇವೆ, ಇವತ್ತಿನ ವಾಲಿ ರಾಮನ ಹತ್ರ ಎಂತ ಕೇಳ್ತಾನೆ ಅಂತ. ಕಾಲಯಾನವೂ ಹೊಸದಲ್ಲ. ಭಾಗವತದ ರೈವತ ರಾಜ ಕಕುದ್ಮಿಯ ಕಥೆ ನಿಮಗೆ ಗೊತ್ತಿರ್ತದೆ, ಮಗಳು ರೇವತಿಗೆ ಗಂಡು ಕೇಳ್ಲಿಕ್ಕೆ ಬ್ರಹ್ಮಲೋಕಕ್ಕೆ ಹೋದ, ಅಲ್ಲಿ ಸಂಗೀತ ನಡೀತಿತ್ತು, ಒಂದು ಗಳಿಗೆ ಕಾದ, ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದು ಹೋಗಿತ್ತು, ಅವನು ಲಿಸ್ಟ್ ಮಾಡಿಟ್ಟ ಗಂಡುಗಳ ಮರಿಮಕ್ಕಳೂ ಉಳಿದಿರ್ಲಿಲ್ಲ. ಆಮೇಲೆ ಬಲರಾಮನಿಗೆ ಕೊಟ್ಟದ್ದು. ಹಿಂದಿನ ಯುಗದ ಹುಡುಗಿ, ವಿಪರೀತ ಎತ್ತರ, ಅವನು ನೇಗಿಲಿನ ತುದಿಯಿಂದ ಎಳೆದು ಸರಿ ಮಾಡಿಕೊಂಡ ಅಂತ ವಿಷ್ಣು ಪುರಾಣದಲ್ಲಿ ಉಂಟು. ನೋಡಿ, ಕಾಲಯಾನಕ್ಕೆ ಎಷ್ಟು ಚಂದದ ತೊಂದರೆ ಇಟ್ಟಿದ್ದಾರೆ, ಹುಡುಗಿಯ ಹೈಟ್!

ಈಗ ಫೋನ್. ಗುರು ಗ್ರಹದ ಹತ್ರದಿಂದ ಅಮ್ಮ ಮಾಟುಂಗದ ತಂಗಿಗೆ ಹಲೋ ಅಂದ್ಲು, ತಂಗಿ ಆಚೆಯಿಂದ ಕೂಡ್ಲೇ ಮಾತಾಡಿದ್ಲು, ಇದು ಆಗುದಿಲ್ಲ, ಬೆಳಕಿಗೇ ಅರ್ಧ ಗಂಟೆಗಿಂತ ಜಾಸ್ತಿ ಬೇಕು ಅಂತ ನೀವು. ಸರಿ. ಗುರು ನಮಗೆ ತೀರಾ ಹತ್ರ ಇದ್ದಾಗ ಸುಮಾರು 33 ನಿಮಿಷ, ತೀರಾ ದೂರ ಇದ್ದಾಗ 54. ನಾನು ತಪ್ಪಾಯ್ತು ಅಂತ ಬರೀಲಿಕ್ಕೆ ಕೂತವ, ಹಾಗೇ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ, ಹಾಕಿದವ ರಾತ್ರಿ ಒಂದೂವರೆವರೆಗೆ ಏಳ್ಲಿಲ್ಲ. ಯಾಕಂದ್ರೆ 33ಕ್ಕೂ 54ಕ್ಕೂ ನಡುವೆ 39 ಉಂಟು! ಹಡಗು ನಮ್ಮಿಂದ ಸುಮಾರು 70 ಕೋಟಿ ಕಿಲೋಮೀಟರ್ ದೂರ ಇರುವ ದಿನ ಬೆಳಕಿಗೆ ಹಿಡಿಯುದು ಸರಿಯಾಗಿ 39 ನಿಮಿಷ. ಹತ್ತು ಗಂಟೆಗೆ ಎಂಜಿನ್ ಕೆಮ್ಮಿತು, ಹಡಗು 9.21ಕ್ಕೆ ಬಿತ್ತು, ಅಮ್ಮ ಹಲೋ ಅಂದ್ಲು, ಮಾಟುಂಗಕ್ಕೆ ಅದು ತಲುಪಿದ್ದು ಹತ್ತಕ್ಕೆ. ಕರೆಕ್ಟ್! ತಂಗಿ ಹತ್ತಕ್ಕೇ "ಎಂತಕ್ಕಾ" ಅಂದ್ಲು, ಅದು ಅಮ್ಮನಿಗೆ ಕೇಳಿಸಿದ್ದು 10.39ಕ್ಕೆ. ಈಗ ಅಮ್ಮನ ಮುಂದಿನ ಮಾತು ತಂಗಿಗೆ ಹತ್ತು ಗಂಟೆ ಐದು ಸೆಕೆಂಡಿಗೆ ಕೇಳಿಸ್ಬೇಕಾದ್ರೆ ಅವಳು ಪುನಃ 9.21ಕ್ಕೆ ಹೋಗ್ಬೇಕು, ಅಂದ್ರೆ 78 ನಿಮಿಷ, ಎರಡು ಕೆಮ್ಮು. ಪ್ರತಿ ಉತ್ತರಕ್ಕೆ ಎರಡೆರಡು ಕೆಮ್ಮು.

ಏಳನೇ ಕಂತು ತೆಗೆದು ಎಣಿಸಿದೆ, ಅಮ್ಮ ಒಟ್ಟು 11 ಸಲ ಮಾತಾಡಿದ್ದಾಳೆ. ನಡುವೆ 10 ಸಲ ಕಾಯ್ಬೇಕು, ಒಂದೊಂದಕ್ಕೆ 78 ನಿಮಿಷ. ತಂಗಿಗೆ ಎರಡು ಮೂರು ನಿಮಿಷದ ಫೋನು, ಅಮ್ಮನಿಗೆ 13 ಗಂಟೆ! ಅದಕ್ಕಿಂತ ದೊಡ್ಡ ಗಮ್ಮತ್ತು, ಪ್ರತಿ ಸಲ ಹಡಗು ಅದೇ ಹೊತ್ತಿಗೆ ಬಂದು ಬಿದ್ದದ್ದಲ್ವಾ, ಹಳೇ ಹಡಗು ಎಲ್ಲಿಗೂ ಹೋಗಿಲ್ಲ, ಅಲ್ಲೇ ಉಂಟು. ಇನ್ನೂ ಒಂದು ಸಲವೂ ಕೆಮ್ಮದ ಮೊದಲನೇ ಹಡಗು ಸೇರಿಸಿದ್ರೆ 9.25ರ ಹೊತ್ತಿಗೆ ಗುರು ಗ್ರಹದ ಹತ್ರ 12 ಹಡಗು, 12 ಕ್ಯಾಪ್ಟನ್, 12 ಗ್ರೈಂಡರ್, 12 ಅಮ್ಮ. ಅದ್ರಲ್ಲಿ ಹನ್ನೊಂದು ಅಮ್ಮಂದಿರ ಕೈಯಲ್ಲಿ ಫೋನ್.

ಬೆಳಿಗ್ಗೆ ಎದ್ದು ಲೇಖಕರಿಗೆ ಹೇಳಿದೆ. ಮೊದಲು ಸುಮ್ಮನಿದ್ರು, ಆಮೇಲೆ ನಗ್ಲಿಕ್ಕೆ ಶುರು ಮಾಡಿದವರು ನಿಲ್ಲಿಸ್ಲಿಲ್ಲ, ಬರೆದಿಟ್ಟ ಎಂಟನೇ ಕಂತು ಹರಿದು ಹಾಕಿ ಈಗ ಹೊಸದು ಬರೀತಾ ಇದ್ದಾರೆ. ಆದ್ರೆ ಒಂದು ಕಡೆ ಸಿಕ್ಕಿಕೊಂಡಿದ್ದಾರೆ, ನಿಮ್ಮ ಹತ್ರವೇ ಕೇಳಿ ಅಂದ್ರು. ಈ ಹನ್ನೆರಡು ಅಮ್ಮಂದಿರಿಗೆ ಒಬ್ಬರ ಮನಸ್ಸಿನ ಮಾತು ಒಬ್ಬರಿಗೆ ಕೇಳಿಸ್ತದಾ? ಕೇಳಿಸಿದ್ರೆ ಮೊದಲನೇ ಅಮ್ಮ ಇನ್ನೂ ಫೋನ್ ಮಾಡದೆಯೇ ತಂಗಿ ಎಂತ ಹೇಳಿದ್ಲು ಅಂತ ತಿಳ್ಕೊಂಡು ಬಿಡ್ತಾಳೆ, ಆಮೇಲೆ ಅವಳು ಫೋನ್ ಯಾಕೆ ಮಾಡ್ತಾಳೆ, ಮಾಡದಿದ್ರೆ ಉಳಿದ ಹನ್ನೊಂದು ಜನ ಎಲ್ಲಿಂದ ಬಂದ್ರು?

ಎಂಟನೇ ಕಂತು ಪ್ರೆಸ್ಸಿಗೆ ಹೋಗುದು 20ನೇ ತಾರೀಕಿಗೆ. ಅಷ್ಟರೊಳಗೆ ಉತ್ತರ ಕಳಿಸಿ ಮೇಷ್ಟ್ರೇ, ಈ ಸಲ ಮಡಿಕೆ ಮೇಲೆ ಬರೀಬೇಡಿ.