ಪಾಸ್‌ಪೋರ್ಟ್ ಮಾಲೀಕರ ಕಪಾಟಿನಲ್ಲಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ತಮ್ಮ ಹೊರದೇಶದ ಕಟ್ಟಡ ಕಂಪನಿಯೊಂದರಲ್ಲಿ ವೆಲ್ಡರ್. ಸೇರಿದ ದಿನವೇ ‘ಭದ್ರವಾಗಿರಲಿ’ ಎಂದು ಮಾಲೀಕರು ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು. ಈಗ ಮೂರು ತಿಂಗಳ ಸಂಬಳ ಬಾಕಿ. ವಾಸದ ಪರವಾನಗಿಯನ್ನೂ ಕಂಪನಿ ನವೀಕರಿಸಿಲ್ಲ. ದೂರು ಕೊಟ್ಟರೆ ನೀನೇ ಜೈಲಿಗೆ ಹೋಗುತ್ತೀಯ ಎಂದು ಮೇಸ್ತ್ರಿ ಹೆದರಿಸಿದ್ದಾನೆ. ಅವನಿಗೆ ಯಾವ ಹಕ್ಕೂ ಇಲ್ಲವೇ?
— ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಖಂಡಿತ ಇದೆ. ಮೇಸ್ತ್ರಿ ಎರಡು ಬೇರೆ ಬೇರೆ ವಿಷಯಗಳನ್ನು ಬೆರೆಸಿ ಹೆದರಿಸುತ್ತಿದ್ದಾನೆ. ಪರವಾನಗಿ ಮುಗಿದಿರುವುದು ಒಂದು ವಿಷಯ, ದುಡಿದ ಕೂಲಿ ಇನ್ನೊಂದು. ಮೊದಲನೆಯದಕ್ಕೆ ದಂಡವೋ ಗಡೀಪಾರೋ ಆಗಬಹುದು. ಅಷ್ಟರಿಂದ ಎರಡನೆಯದು ಅಳಿಸಿಹೋಗುವುದಿಲ್ಲ. ವಲಸೆ ಕಾರ್ಮಿಕರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1990ರ ಒಡಂಬಡಿಕೆಯ 25ನೇ ವಿಧಿ ಇದನ್ನೇ ಹೇಳುತ್ತದೆ: ಕಾಗದಪತ್ರ ಸರಿಯಿಲ್ಲ ಎಂಬ ಕಾರಣಕ್ಕೆ ಮಾಲೀಕ ತನ್ನ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ದುಡಿಯುವವರನ್ನು ಕರೆಸಿಕೊಳ್ಳುವ ಬಹುತೇಕ ಶ್ರೀಮಂತ ದೇಶಗಳು ಇದಕ್ಕೆ ಸಹಿ ಹಾಕಿಲ್ಲ ಎಂಬುದು ನನಗೆ ಇಂದಿಗೂ ಸಂಕಟದ ಸಂಗತಿ. ಆದ್ದರಿಂದ ನಿಮ್ಮ ತಮ್ಮ ಇರುವ ದೇಶದ ಕಾರ್ಮಿಕ ಕಾನೂನನ್ನೇ ಮುಂದಿಟ್ಟುಕೊಂಡು ಹೋರಾಡಬೇಕಾಗುತ್ತದೆ.

ಪಾಸ್‌ಪೋರ್ಟ್ ಅದನ್ನು ಕೊಟ್ಟ ಸರ್ಕಾರದ ಸ್ವತ್ತು, ಮಾಲೀಕನದಲ್ಲ. ಅದನ್ನು ವಶಪಡಿಸಿಕೊಳ್ಳಲು ಅಧಿಕಾರವಿರುವ ಸರ್ಕಾರಿ ಅಧಿಕಾರಿಗೆ ಮಾತ್ರ ಸಾಧ್ಯ, ಅದೂ ವಿವರವಾದ ರಸೀದಿ ಕೊಟ್ಟು ಎನ್ನುತ್ತದೆ ಅದೇ ಒಡಂಬಡಿಕೆ. ಹಲವು ದೇಶಗಳ ಸ್ವಂತ ಕಾನೂನೂ ಹೀಗೇ ಇದೆ. ಕತಾರಿನ 2015ರ ಕಾನೂನಿನ ಪ್ರಕಾರ, ವಾಸದ ಪರವಾನಗಿಯ ಕೆಲಸ ಮುಗಿದ ಮೇಲೆ ಪಾಸ್‌ಪೋರ್ಟ್ ಕಾರ್ಮಿಕನ ಕೈಗೆ ಮರಳಬೇಕು. ಕಾರ್ಮಿಕ ತಾನೇ ಲಿಖಿತವಾಗಿ ಕೇಳಿಕೊಂಡರೆ ಮಾತ್ರ ಮಾಲೀಕ ಇಟ್ಟುಕೊಳ್ಳಬಹುದು. ‘ನಾನಾಗಿಯೇ ಕೊಟ್ಟಿದ್ದೇನೆ’ ಎಂಬ ಕಾಗದಕ್ಕೆ ಕಂಪನಿಗಳು ಮೊದಲ ದಿನವೇ ಸಹಿ ಹಾಕಿಸುವುದು ಇದಕ್ಕಾಗಿಯೇ. ತಮ್ಮ ಅಂಥದ್ದೇನಾದರೂ ಸಹಿ ಹಾಕಿದ್ದಾನೆಯೇ, ಕೇಳಿ ನೋಡಿ.

ಈಗ ಅವನು ಮಾಡಬೇಕಾದದ್ದು. ಕರಾರುಪತ್ರ, ಗುರುತಿನ ಚೀಟಿ, ಹಿಂದಿನ ಸಂಬಳ ಜಮೆಯಾದ ಬ್ಯಾಂಕ್ ವಿವರ, ಮೇಸ್ತ್ರಿಯ ವಾಟ್ಸ್ಆ್ಯಪ್ ಸಂದೇಶಗಳು, ಎಲ್ಲದರ ಫೋಟೊ ನಿಮಗೆ ಕಳುಹಿಸಲಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ: ತಾರೀಖು, ಕೆಲಸದ ಸ್ಥಳ, ಒಳಗೆ ಹೋದ ಹೊತ್ತು, ಹೊರಬಂದ ಹೊತ್ತು, ಜೊತೆಗಿದ್ದವರ ಹೆಸರು. ಸಂಬಳದ ತಕರಾರುಗಳಲ್ಲಿ ಇಂಥ ಪುಸ್ತಕದ ಬೆಲೆ ಏನೆಂದು ವಕೀಲೆಯಾಗಿ ನಾನು ಬಲ್ಲೆ. ಅಂದಂದೇ ಬರೆದ ನಾಲ್ಕು ಸಾಲಿನ ಎದುರು ಕಂಪನಿಯ ‘ಅವನು ಆ ದಿನ ಬಂದೇ ಇರಲಿಲ್ಲ’ ಎಂಬ ಮಾತು ನಿಲ್ಲುವುದು ಕಷ್ಟ. ಓದಲು ಬಾರದ ಭಾಷೆಯ ಕಾಗದಕ್ಕೆ, ಅದರಲ್ಲೂ ‘ಬಾಕಿಯೆಲ್ಲ ಸಂದಿದೆ’ ಎಂಬ ರಸೀದಿಗೆ ಸಹಿ ಹಾಕಬಾರದು. ಹೇಳದೆ ಕೇಳದೆ ಬೇರೆ ಮಾಲೀಕನ ಬಳಿ ಕೆಲಸಕ್ಕೆ ಸೇರಲೂಬಾರದು. ಓಡಿಹೋದವನೆಂದು ದೂರು ದಾಖಲಾದರೆ ಪ್ರಕರಣ ತಿರುಗಿಬೀಳುತ್ತದೆ. ಮೊದಲು ನಮ್ಮ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗ, ಅಲ್ಲಿಂದ ಆ ದೇಶದ ಕಾರ್ಮಿಕ ಇಲಾಖೆ. ಪೊಲೀಸರು ತಡೆದು ಕೇಳುವ ಮೊದಲೇ ತಾನಾಗಿ ಹೋಗಿ ಹೇಳಿಕೊಂಡವನ ಮಾತಿಗೆ ತೂಕ ಹೆಚ್ಚು.

ಪ್ರಶ್ನೆ: ಹೊರದೇಶದಲ್ಲಿ ಪೊಲೀಸರು ಬಂಧಿಸಿದರೆ ನಮ್ಮ ರಾಯಭಾರ ಕಚೇರಿ ಬಿಡಿಸುತ್ತದೆಯೇ?
— ಓದಲು ಹೊರಟಿರುವ ವಿದ್ಯಾರ್ಥಿ

ಉತ್ತರ: ಬಿಡಿಸುವ ಅಧಿಕಾರ ಅದಕ್ಕಿಲ್ಲ. ಅದರ ಅಧಿಕಾರಿ ನಿಮ್ಮನ್ನು ಭೇಟಿಯಾಗಬಹುದು, ಪತ್ರ ಬರೆಯಬಹುದು, ವಕೀಲರನ್ನು ಗೊತ್ತುಮಾಡಿಕೊಡಬಹುದು. ಈ ಸೌಲಭ್ಯ ಕಾನ್ಸಲೇಟ್‌ಗಳ, ಅಂದರೆ ಹೊರದೇಶದಲ್ಲಿ ತನ್ನ ಪ್ರಜೆಗಳ ನೆರವಿಗಿರುವ ಸರ್ಕಾರಿ ಕಚೇರಿಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಿಂದ ಬಂದದ್ದು. ಹೀಗೊಂದು ಹಕ್ಕಿದೆ ಎಂದು ಬಂಧಿಸಿದವರು ತಡಮಾಡದೆ ನಿಮಗೆ ತಿಳಿಸಬೇಕು. ಆದರೆ ಕಚೇರಿಗೆ ಸುದ್ದಿ ಹೋಗುವುದು ಸಾಮಾನ್ಯವಾಗಿ ನೀವು ಕೇಳಿದರೆ ಮಾತ್ರ. ಹಾಗಾಗಿ ಬಾಯಿಬಿಟ್ಟು ಕೇಳಿ.

ತಿಳಿಸದೇ ಹೋದರೆ ಏನಾಗುತ್ತದೆ? ಜರ್ಮನಿಯ ಪ್ರಜೆಗಳಾಗಿದ್ದ ಲಾಗ್ರಾಂಡ್ ಸಹೋದರರು 1982ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಕೊಲೆ ಪ್ರಕರಣದಲ್ಲಿ ಸೆರೆಯಾದರು. ಈ ಹಕ್ಕಿನ ಸುದ್ದಿಯನ್ನು ಯಾರೂ ಅವರಿಗೆ ಹೇಳಲಿಲ್ಲ. ಜರ್ಮನಿಯ ಕಾನ್ಸಲೇಟಿಗೆ ವಿಷಯ ತಿಳಿದದ್ದು 1992ರಲ್ಲಿ, ಮರಣದಂಡನೆ ವಿಧಿಸಿ ಎಷ್ಟೋ ಕಾಲವಾದ ಮೇಲೆ. 1999ರಲ್ಲಿ ಇಬ್ಬರ ಮರಣದಂಡನೆಯೂ ಜಾರಿಯಾಯಿತು. ಅಮೆರಿಕ ಒಪ್ಪಂದ ಮುರಿದಿದೆ, ಈ ಹಕ್ಕು ದೇಶಕ್ಕೆ ಮಾತ್ರವಲ್ಲ, ವ್ಯಕ್ತಿಗೂ ಸೇರಿದ್ದು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಿತು. ಅವರಿಬ್ಬರಿಗೆ ಅದರಿಂದ ಏನು ಬಂತು! ಕಾನ್ಸಲೇಟಿನ ದೂರವಾಣಿ ಸಂಖ್ಯೆಯನ್ನು ಮೊಬೈಲ್‌ನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಬಂಧನವಾದಾಗ ಮೊದಲು ಕಸಿಯುವುದು ಮೊಬೈಲನ್ನೇ.

ಇನ್ನು ನಿಮ್ಮ ಪಾಲಿನ ಕರ್ತವ್ಯ. ಅಲ್ಲಿನ ಕಾನೂನು ಗೊತ್ತಿರಲಿಲ್ಲ ಎಂಬ ಸಬೂಬು ನಡೆಯದು. ಇಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುವ ಕೆಲವು ನೋವಿನ ಮಾತ್ರೆ, ನಿದ್ರೆಯ ಮಾತ್ರೆಗಳಿಗೆ ಕೆಲವು ದೇಶಗಳಲ್ಲಿ ಮುಂಚಿತ ಅನುಮತಿ ಬೇಕು. ವಿದ್ಯಾರ್ಥಿ ವೀಸಾದಲ್ಲಿ ಎಷ್ಟು ಗಂಟೆ ಕೆಲಸ ಮಾಡಬಹುದೆಂಬ ಮಿತಿ ಮೀರಿದರೆ ವೀಸಾವೇ ರದ್ದಾಗಬಹುದು.

ಪ್ರಶ್ನೆ: ಹೊರದೇಶದಲ್ಲಿ ತೆರಿಗೆ ಕಟ್ಟುತ್ತೇನೆ. ಅಲ್ಲಿ ಮತ ಹಾಕಲು ಏಕೆ ಬಿಡುವುದಿಲ್ಲ?

ಉತ್ತರ: ತೆರಿಗೆ ವಾಸಕ್ಕೆ ಅಂಟಿಕೊಂಡದ್ದು, ಮತ ಸಾಮಾನ್ಯವಾಗಿ ಪೌರತ್ವಕ್ಕೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯೂ ಮತದಾನವನ್ನು ಪೌರರಿಗಷ್ಟೇ ಖಾತರಿಪಡಿಸುತ್ತದೆ. ನ್ಯೂಜಿಲೆಂಡ್ ಕಾಯಂ ನಿವಾಸಿಗಳಿಗೆ ಸಂಸತ್ ಚುನಾವಣೆಯಲ್ಲೂ ಮತ ಕೊಡುವ ಕೆಲವೇ ದೇಶಗಳಲ್ಲೊಂದು. ಆದರೆ ಅದೇ ಒಡಂಬಡಿಕೆಯ 13ನೇ ವಿಧಿಯನ್ನು ನೆನಪಿಡಿ: ಕಾನೂನುಬದ್ಧವಾಗಿ ವಾಸವಿರುವ ಪರದೇಶಿಯನ್ನು ಕಾನೂನಿನ ಕ್ರಮವಿಲ್ಲದೆ ಹೊರದೂಡುವಂತಿಲ್ಲ. ರಾಷ್ಟ್ರದ ಭದ್ರತೆಯ ತುರ್ತು ಕಾರಣವಿಲ್ಲದಿದ್ದರೆ ಅವನ ಅಹವಾಲನ್ನು ಕೇಳಲೇಬೇಕು.

ಪ್ರಶ್ನೆ: ಹೊರದೇಶದಲ್ಲಿ ಹುಟ್ಟಿದ ಮಗು ಆ ದೇಶದ ಪ್ರಜೆಯೇ?

ಉತ್ತರ: ಎಲ್ಲ ಕಡೆ ಅಲ್ಲ. ಹಲವು ದೇಶಗಳು ಹುಟ್ಟಿದ ನೆಲವನ್ನಲ್ಲ, ತಂದೆತಾಯಿಯ ಪೌರತ್ವವನ್ನು ನೋಡುತ್ತವೆ. ಅಲ್ಲಿನ ಜನನ ನೋಂದಣಿ ಮುಗಿದ ಕೂಡಲೇ ನಮ್ಮ ರಾಯಭಾರ ಕಚೇರಿಯಲ್ಲೂ ನೋಂದಾಯಿಸಿ, ಮಗುವಿನ ವಾಸದ ಪರವಾನಗಿಗೆ ಬೇರೆಯಾಗಿಯೇ ಅರ್ಜಿ ಹಾಕಿ.